ಬಸ್ಸು ಕೆಟ್ಟಾಗ ಉಳಿದ ಮಾತು

ವೀರಣ್ಣನವರು ಟ್ರೇಲರ್ ಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಗಾಲಿಯ ಮನೆ ಅದು. ಒಳಗೆ ಇಬ್ಬರಿಗೆ ಆಗುವ ಮಂಚ, ಗ್ಯಾಸಿನ ಒಲೆ, ಪುಟ್ಟ ಫ್ರಿಜ್ಜು, ಮೈ ತಿರುಗಿಸಿದರೆ ಮೊಣಕೈ ತಾಗುವ ಬಚ್ಚಲು, ಹಳೆಯ ಇಳಕಲ್ ಸೀರೆ ಕತ್ತರಿಸಿ ಹೆಂಡತಿ ಶಿವಬಸಮ್ಮ ಹೊಲಿದ ಕಿಟಕಿಯ ಪರದೆ, ಎಲ್ಲವೂ ಇದ್ದವು. ಆದರೆ ಆ ಮಂಚದ ಮೇಲೆ ಇದುವರೆಗೆ ಯಾರೂ ಒಂದು ರಾತ್ರಿ ಮಲಗಿರಲಿಲ್ಲ. ಅಟ್ಲಾಂಟಾದ ಹತ್ತಿರ ಕಮ್ಮಿಂಗಿನ ಅವರ ಕಾಲೊನಿಯಲ್ಲಿ ಮನೆ ಮುಂದೆ ಟ್ರೇಲರ್ ನಿಲ್ಲಿಸಿದರೆ ಎಚ್‌ಒಎ ಎಂಬ ಮನೆಮಾಲೀಕರ ಸಂಘದವರ ನೋಟಿಸು ಬರುತ್ತದೆ. ಹಾಗಾಗಿ ಅದು ಊರಾಚೆಯ ಬಾಡಿಗೆ ಜಾಗದಲ್ಲಿ, ಯಾರ ಯಾರದೋ ದೋಣಿಗಳ ನಡುವೆ ಬಿದ್ದಿತ್ತು. ವೀರಣ್ಣನವರು ವಾರಕ್ಕೊಮ್ಮೆ ಹೋಗಿ ಬಾಗಿಲು ತೆಗೆದು, ಒಳಗೆ ಸ್ವಲ್ಪ ಹೊತ್ತು ಕೂತು, ಟಯರು ಒತ್ತಿ ನೋಡಿ ಬರುತ್ತಿದ್ದರು. ಕೊಟ್ಟಿಗೆಯ ಎತ್ತನ್ನು ಮಾತಾಡಿಸಿ ಬಂದ ಹಾಗೆ.

ಯಾರಾದರೂ ಕೇಳಿದರೆ, ರಿಟೈರ್ ಆಗಿದ್ದೀನಿ, ಇನ್ನು ಅಮೆರಿಕಾ ನೋಡಬೇಕು ಅನ್ನುತ್ತಿದ್ದರು. ಅದು ಶುದ್ಧ ಸುಳ್ಳು. ಅಮೆರಿಕಾ ಇದ್ದಲ್ಲೇ ಇರಲಿ, ನೋಡದಿದ್ದರೂ ಅವರಿಗೇನೂ ಬೇಸರವಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಯಾರೂ ಗುರುತಿಲ್ಲದ ಒಂದು ಜಾಗದಲ್ಲಿ, ಹೆಂಡತಿಯ ಜೊತೆ ಒಂದು ಸಂಜೆ ಮತ್ತು ಒಂದು ಬೆಳಗು. ಅರವತ್ತು ದಾಟಿ, ಎದೆಯೊಳಗೆ ಸ್ಟೆಂಟ್ ಹಾಕಿಸಿಕೊಂಡ ಗಂಡಸು ಇಂಥ ಆಸೆಯನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅದಕ್ಕೇ ಟ್ರೇಲರ್ ಕೊಂಡರು. ಮಾತಿನಲ್ಲಿ ಮುಗಿಯುವುದನ್ನು ಕಬ್ಬಿಣದಲ್ಲಿ ಮಾಡುವುದು ಎಂಜಿನಿಯರುಗಳ ಹಣೆಬರಹ.

ಅವರ ಸಂಸಾರ ಶುರುವಾದಂದಿನಿಂದ ಮನೆ ಖಾಲಿ ಇದ್ದದ್ದೇ ಇಲ್ಲ. ಹುಬ್ಬಳ್ಳಿಯಲ್ಲಿ ಅಣ್ಣತಮ್ಮಂದಿರ ತುಂಬಿದ ಮನೆ. ಅಟ್ಲಾಂಟಾಗೆ ಬಂದಾಗ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಸೋದರತ್ತೆಯ ಮಗ. ಆಮೇಲೆ ಮಗಳು ಸೋನಾಲಿ, ಅವಳ ಹಿಂದೆ ಆರಾರು ತಿಂಗಳು ಬಂದಿರುತ್ತಿದ್ದ ಎರಡೂ ಕಡೆಯ ಹಿರಿಯರು. ಕಮ್ಮಿಂಗಿನಲ್ಲಿ ದೊಡ್ಡ ಮನೆ ಕಟ್ಟಿಸಿದ ಮೇಲಂತೂ ಬೇಸ್‌ಮೆಂಟು ಧರ್ಮಶಾಲೆಯಾಯಿತು. ಧಾರವಾಡದ ಕಡೆಯಿಂದ ಓದಲು ಬಂದ ಹುಡುಗರು, ಕೆಲಸ ಹೋದವರು, ಮನೆ ಸಿಗದವರು, ಎಲ್ಲರಿಗೂ ಅಲ್ಲಿ ಹಾಸಿಗೆ, ಮೇಲೆ ಶಿವಬಸಮ್ಮನವರ ಜೋಳದ ರೊಟ್ಟಿ. ವೀರಣ್ಣನವರು ಹೆಂಡತಿಯ ಮುಖ ನೋಡಿದ್ದಕ್ಕಿಂತ ಒಲೆಯ ಮುಂದೆ ನಿಂತ ಬೆನ್ನು ನೋಡಿದ್ದೇ ಹೆಚ್ಚು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಬಂದವರನ್ನು ಬಾ ಅಂದವರು ಅವರೇ.

ಆದರೆ ಅವರ ಮನಸ್ಸು ಮಾತ್ರ ಒಂದು ಬೇವಿನ ಮರದ ಕೆಳಗೇ ಉಳಿದುಬಿಟ್ಟಿತ್ತು.

ಮದುವೆಯಾದ ಹೊಸತು. ಬಾದಾಮಿಯ ಹತ್ತಿರದ ತವರಿನಿಂದ ಹೆಂಡತಿಯನ್ನು ಹುಬ್ಬಳ್ಳಿಗೆ ಕರೆತರುತ್ತಿದ್ದರು. ನರಗುಂದ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಸುತ್ತ ಕಪ್ಪು ಎರೆಹೊಲ, ಕಣ್ಣು ಹಾಯುವಷ್ಟು ದೂರ ಒಂದು ಮನೆಯಿಲ್ಲ. ಉಳಿದವರೆಲ್ಲ ಬಸ್ಸಿನ ಸುತ್ತ ನಿಂತು ಡ್ರೈವರನಿಗೆ ಬುದ್ಧಿ ಹೇಳುತ್ತಿದ್ದಾಗ ಇವರಿಬ್ಬರು ದೂರದ ಬೇವಿನ ಮರದ ಕೆಳಗೆ ಹೋಗಿ ಕೂತು ಬುತ್ತಿ ಬಿಚ್ಚಿದರು. ಅಲ್ಲಿಯವರೆಗೆ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಾಡದಿದ್ದ ಹುಡುಗಿ ಇದ್ದಕ್ಕಿದ್ದಂತೆ ಬಾಯಿ ತೆರೆದಳು. ಊರ ಹೊಂಡದಲ್ಲಿ ಅಣ್ಣನ ಚಡ್ಡಿ ಅಂಗಿ ಹಾಕಿಕೊಂಡು ಕದ್ದು ಈಜು ಕಲಿತದ್ದು, ಆ ದಂಡೆ ಮುಟ್ಟಿ ಬರುತ್ತೇನೆ ಎಂದು ಅಣ್ಣನ ಜೊತೆ ಪಣ ಕಟ್ಟಿದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದಳು. ಅರ್ಧ ಹೊಂಡದವರೆಗೆ ಬಂದೆ ನೋಡ್ರಿ, ಅಷ್ಟರಾಗ ಎನ್ನುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ರಿಪೇರಿಯಾಗಿತ್ತು. ಹೆಂಗಸರ ಸೀಟಿನಲ್ಲಿ ಅವಳು, ಹಿಂದೆ ಕಂಬ ಹಿಡಿದು ಇವರು. ಹುಬ್ಬಳ್ಳಿ ಮುಟ್ಟಿದರೆ ಹೊಸ್ತಿಲಲ್ಲೇ ಅತ್ತೆ, ನಾದಿನಿಯರು, ಅಡುಗೆಮನೆ.

ಆಮೇಲೆ ಏನಾಯಿತು ಎಂದು ವೀರಣ್ಣನವರು ಕೇಳಲೇ ಇಲ್ಲ. ಮೊದಮೊದಲು ನಾಚಿಕೆ. ನಂತರ ಪುರುಸೊತ್ತಿಲ್ಲ. ವರ್ಷಗಳು ಉರುಳಿದ ಮೇಲೆ, ನಲ್ಲಿ ಸೋರುತ್ತಿರುವಾಗ, ಕುಕ್ಕರ್ ಕೂಗುತ್ತಿರುವಾಗ ಕೇಳುವ ಮಾತಲ್ಲ ಅದು ಅನಿಸತೊಡಗಿತು. ಅಂಥದೇ ಒಂದು ಬಯಲು, ಅಂಥದೇ ಒಂದು ಮರ ಬೇಕು. ಕೇಳದೆಯೇ ಅವಳ ಬಾಯಿಂದ ಬರಬೇಕು. ಈ ಹಂಬಲ ಅವರೊಳಗೆ ಹೇಗೆ ಬೇರು ಬಿಟ್ಟಿತ್ತೆಂದರೆ, ಕೆಲಸದಲ್ಲಿ ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾಗಳಿಗೆ ನಕ್ಷೆ ಹಾಕುವಾಗಲೂ ಎಲ್ಲೋ ಮೂಲೆಯಲ್ಲಿ ಒಂದು ಒಂಟಿ ಮರ, ಅದರ ಕೆಳಗೊಂದು ಬೆಂಚು ಇಡುತ್ತಿದ್ದರು. ಪಾರ್ಕಿಂಗಿಗೆ ಜಾಗ ಸಾಲದು ಎಂದು ಮೇಲಿನವರು ಅದನ್ನು ಅಳಿಸುತ್ತಿದ್ದರು.

ಟ್ರೇಲರ್ ಬಂದ ಮೇಲೆ ಮೊದಲ ಪ್ರಯಾಣ ಹೊರಟಾಗ ಅವರೇ ಎಡವಟ್ಟು ಮಾಡಿಕೊಂಡರು. ಹೊಸ ಟ್ರೇಲರಿಗೆ ವಿಭೂತಿ ಹಚ್ಚಿ, ಟಯರಿನ ಕೆಳಗೆ ನಿಂಬೆಹಣ್ಣಿಟ್ಟು ತೆಗೆದ ಫೋಟೊವನ್ನು, ಇಂದು ಷಾರ್ಲಟ್ ಕಡೆ ಪಯಣ ಎಂಬ ಸಾಲಿನೊಂದಿಗೆ ನಮ್ಮವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ನಮ್ಮ ಜನಕ್ಕೆ ಅಷ್ಟು ಸಾಕಲ್ಲ! ಷಾರ್ಲಟ್ ಇನ್ನೂ ದೂರವಿರುವಾಗಲೇ ಅಲ್ಲಿನ ಗುರುದತ್ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾದು ನಿಂತಿದ್ದ. ಮನೆ ಇದ್ದೂ ಕಾಡಿನಲ್ಲಿ ಮಲಗುವುದುಂಟೇ ಎಂದು ಎಳೆದೊಯ್ದ. ಮುಂದಿನ ವರ್ಷ ಹೊರಡಬೇಕು ಎನ್ನುವಷ್ಟರಲ್ಲಿ ವೀರಣ್ಣನವರ ಎದೆ ಕೈಕೊಟ್ಟಿತು. ಅಡುಗೆಮನೆಯಲ್ಲಿ ಬಿದ್ದವರಿಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ.

ಹೀಗಾಗಿ ಎರಡು ಸಾವಿರದ ಇಪ್ಪತ್ತಮೂರರ ಮೊದಲಲ್ಲಿ, ಇನ್ನು ಟ್ರೇಲರ್ ಎಳೆಯಬಹುದು ಎಂದು ಡಾಕ್ಟರ್ ಹೇಳಿದ ಕೂಡಲೇ, ಅವರು ಜೂನಿನಲ್ಲಿ ಮೇರಿಲ್ಯಾಂಡಿನ ಮಗಳ ಮನೆಗೆ ಹೋಗುವ ದಾರಿಯನ್ನು ಎಚ್ಚರದಿಂದ ಯೋಜಿಸಿದರು. ಸೋನಾಲಿ ವಾಷಿಂಗ್ಟನ್ನಿನ ಹತ್ತಿರ ಜರ್ಮನ್‌ಟೌನಿನಲ್ಲಿದ್ದಳು. ವಿಮಾನದಲ್ಲಾದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ದಾರಿಯನ್ನು ಅವರು ಮೂರು ರಾತ್ರಿಗಳಾಗಿ ತುಂಡು ಮಾಡಿದರು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸಬಾರದು. ಬಿಸಿಲಿರುವಾಗಲೇ ಜಾಗ ಮುಟ್ಟಬೇಕು, ಕತ್ತಲಲ್ಲಿ ಟ್ರೇಲರ್ ಹಿಂದಕ್ಕೆ ತಳ್ಳಲು ಹೋದರೆ ಗಂಡಹೆಂಡಿರ ಜಗಳ ಟ್ರೇಲರಿನವರು ತಂಗುವ ಇಡೀ ಕ್ಯಾಂಪ್‌ಗ್ರೌಂಡಿಗೆ ಕೇಳುತ್ತದೆ. ಟ್ರೇಲರ್ ನಿಲ್ಲಿಸಲು, ನೇರವಾಗಿ ಒಳಗೆ ಹೋಗಿ ನೇರವಾಗಿ ಹೊರಗೆ ಬರುವಂಥ ಸೈಟು ಸಿಕ್ಕರೆ ವಾಸಿ. ನೆಲ ಸಮ ಇರಬೇಕು, ಪಡುವಣಕ್ಕೆ ಮರದ ನೆರಳು ಬೇಕು, ನೀರು ಕರೆಂಟು ಕೈಗೆಟಕಬೇಕು, ರೈಲು ಹಳಿ ಹತ್ತಿರವಿರಬಾರದು. ಅಲ್ಲಿ ಜೂನ್ ಎಂದರೆ ಶಾಲೆಗೆ ರಜೆ ಬಿಡುವ ತಿಂಗಳಾದ್ದರಿಂದ ಬಹಳ ಮೊದಲೇ ಬುಕ್ ಮಾಡಿದರು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಕ್ಯಾಂಪ್‌ಗ್ರೌಂಡಿನಲ್ಲೂ ತುದಿಯ ಸೈಟನ್ನೇ ಹುಡುಕಿದರು. ಅಲ್ಲಿ ಫೋನಿನ ಸಿಗ್ನಲ್ ಸಹ ಸಿಗೂದಿಲ್ಲ ನೋಡು ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದರು. ಶಿವಬಸಮ್ಮನವರು ರೊಟ್ಟಿ ಬಡಿಯುತ್ತ ಹೂಂ ಅಂದರು. ಈ ಸಲ ಗುಂಪಿಗೆ ಏನನ್ನೂ ಹಾಕಬಾರದು, ಯಾರಿಗೂ ಹೇಳಬಾರದು ಎಂದಾಗಲೂ ಹೂಂ ಅಂದರು.

ಮೊದಲ ರಾತ್ರಿಗೆ ಗೊತ್ತುಮಾಡಿದ್ದು ಜಾರ್ಜಿಯಾ ದಾಟಿದ ಕೂಡಲೇ, ದಕ್ಷಿಣ ಕೆರೊಲೈನಾದ ಅಂಚಿನಲ್ಲಿ ಸಿಗುವ ಹಾರ್ಟ್‌ವೆಲ್ ಕೆರೆ. ಟ್ರಕ್ಕು ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ, ಗ್ರೀನ್‌ವಿಲ್‌ನ ಸಿದ್ದೇಶ್ವರಿಯ ಫೋನು ಬಂತು. ನಮ್ಮ ಊರಿನ ಮೇಲೆ ಹಾದುಹೋಗುವವರು ಮನೆಗೆ ಬರದೆ ಹೋದರೆ ನಮಗೆ ಅವಮಾನವಲ್ಲವೇ ಅಣ್ಣಾರ, ಮಟಕಿ ಪಲ್ಯ ಒಲೆ ಮೇಲಿದೆ ಎಂದಳು. ವೀರಣ್ಣನವರು ಪಕ್ಕಕ್ಕೆ ತಿರುಗಿ ನೋಡಿದರು. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದರು. ವೀರಣ್ಣನವರೇ ಮುಖ ಬಿಗಿದುಕೊಂಡು ಕೆರೆಯ ಬುಕಿಂಗ್ ಕ್ಯಾನ್ಸಲ್ ಮಾಡಿದರು. ಅಂದು ಟ್ರೇಲರ್ ಸಿದ್ದೇಶ್ವರಿಯ ಮನೆ ಮುಂದೆ, ಇವರು ಅವಳ ಗೆಸ್ಟ್ ರೂಮಿನಲ್ಲಿ.

ಎರಡನೆಯ ದಿನ ಡರ್ಹಮ್‌ನ ರೇಣುಕಾದೇವಿ ಇದೇ ರಾಗ ಹಾಡಿದರು. ಅವರ ಮನೆಯಲ್ಲಿ ಊಟವೇನೋ ಬೊಂಬಾಟಾಗಿತ್ತು, ಆದರೆ ಎರಡನೆಯ ಸಲ ಬಡಿಸಲು ಬಂದಾಗ ವೀರಣ್ಣನವರು ತಟ್ಟೆಗೆ ಕೈ ಅಡ್ಡ ಹಿಡಿದರು. ಊಟವಾದ ಮೇಲೆ ರೇಣುಕಾದೇವಿ ಮಾತಾಡುತ್ತ ಮಾತಾಡುತ್ತಲೇ ಬಿಪಿ ನೋಡುವ ಯಂತ್ರ ತಂದು ಅವರ ತೋಳಿಗೆ ಸುತ್ತಿದರು. ಅವರು ಹೃದ್ರೋಗದ ವಾರ್ಡಿನ ನರ್ಸು. ಆಗ ವೀರಣ್ಣನವರಿಗೆ ಹೊಳೆಯಿತು: ಸಿದ್ದೇಶ್ವರಿಯ ಗಂಡ ಎಮರ್ಜೆನ್ಸಿ ಡಾಕ್ಟರ್. ಮೂರನೆಯ ರಾತ್ರಿಗೆ ವರ್ಜೀನಿಯಾದಲ್ಲಿ ಫೋನು ಬರಬಹುದಾದ ಮನೆ ಯಾವುದೆಂದು ಅವರೇ ಊಹಿಸಿದರು. ಅಲ್ಲಿ ಗಂಡಹೆಂಡತಿ ಇಬ್ಬರೂ ಡಾಕ್ಟರ್.

ಮರುದಿನ ವರ್ಜೀನಿಯಾ ಗಡಿ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ಟ್ರಕ್ಕು ನಿಲ್ಲಿಸಿದರು. ಕಲ್ಲಿನ ಮೇಜಿನ ಮೇಲೆ ಶಿವಬಸಮ್ಮನವರು ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ವೀರಣ್ಣನವರು ರೊಟ್ಟಿಗೆ ಕೈ ಹಚ್ಚದೆ, ಎಲ್ಲರಿಗೂ ನೀನೇ ಫೋನ್ ಮಾಡಿದ್ದೆಯಲ್ಲ ಎಂದು ಕೇಳಿದರು. ಸಿಟ್ಟಿನಲ್ಲಿ ಶುರು ಮಾಡಿದ ಮಾತು ಹೊರಬರುವಷ್ಟರಲ್ಲಿ ದುಃಖವಾಗಿತ್ತು. ನನ್ನ ಜೊತೆ ಒಂದು ದಿನ ಒಬ್ಬಳೇ ಇರುವುದು ನಿನಗೆ ಅಷ್ಟು ಬೇಡವಾಯಿತೇ ಎಂದೂ ಕೇಳಿಬಿಟ್ಟರು.

ಶಿವಬಸಮ್ಮನವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಹ್ವಾದ ವರ್ಷ ನೀವು ಅಡಗಿಮನ್ಯಾಗ ಬಿದ್ರಿ," ಎಂದರು. "ಆ್ಯಂಬುಲೆನ್ಸ್ ಬರ್ಲಿ ಅಂತ ನೈನ್ ಒನ್ ಒನ್‌ಗೆ ಫೋನ್ ಮಾಡಿದೆ. ಫೋನ್ ಎತ್ತಿದಾಕಿ ಅಡ್ರೆಸ್ ಕೇಳಿದ್ಲು. ನನಗ ಬರಲಿಲ್ರಿ. ಇಷ್ಟ್ ವರ್ಷ ಇದ್ದ ಮನಿ ನಂಬರ್ ಬಾಯಿಗೇ ಬರಲಿಲ್ಲ. ನಿಮ್ಮನ್ನ ಅಲ್ಲೇ ಬಿಟ್ಟು ಹೊರಗ ಓಡಿದೆ. ಮೇಲ್‌ಬಾಕ್ಸ್ ಮ್ಯಾಲಿನ ನಂಬರ್ ಓದಿ ಹೇಳಿದೆ. ಆ ಕಾಡಿನ್ಯಾಗ ಯಾವ ಮೇಲ್‌ಬಾಕ್ಸ್ ಓದ್ಲಿ ನಾ? ನೀವು ನೋಡಿದ್ರ ಸಿಗ್ನಲ್ಲೂ ಇಲ್ಲ ಅಂತ ಖುಷಿ ಪಡಾಕತ್ತಿದ್ರಿ."

ಆ ದಿನದ ಬಗ್ಗೆ ವೀರಣ್ಣನವರಿಗೆ ಗೊತ್ತಿದ್ದದ್ದು ಆ್ಯಂಬುಲೆನ್ಸ್ ಬೇಗ ಬಂತು ಎಂಬುದಷ್ಟೇ. ಬರಿಗಾಲಲ್ಲಿ ಅಂಗಳದಾಚೆ ಓಡಿ ತನ್ನ ಮನೆಯ ನಂಬರನ್ನೇ ಓದುತ್ತ ನಿಂತ ಹೆಂಡತಿ ಈಗ ಕಣ್ಣಿಗೆ ಕಟ್ಟಿದಳು. ನನಗೇಕೆ ಹೇಳಲಿಲ್ಲ ಎಂದರು.

"ಹ್ಯಾಂಗ ಹೇಳ್ಲಿ? ಆ ಟ್ರೇಲರ್ ಮ್ಯಾಲೆ ಜೀವಾನ ಇಟಗೊಂಡೀರಿ. ನನಗೇನು ಮಂದಿ ಮನಿ ಹುಚ್ಚಿಲ್ರಿ. ಯಾರ ಮನಿಗೆ ಹೋದ್ರೂ ನನಗ ಮತ್ತ ಅಡಗಿಮನಿನ."

ಇಷ್ಟು ಹೇಳಿ ರೊಟ್ಟಿಯ ತುಂಡೊಂದನ್ನು ಚಟ್ನಿಯಲ್ಲಿ ಅದ್ದಿ ಅವರ ಕೈಗೆ ಕೊಟ್ಟರು. ವೀರಣ್ಣನವರು ತಿಂದರು. ನೆಲ ಸಮವಿದೆಯೇ, ನೆರಳಿದೆಯೇ, ನೀರಿದೆಯೇ ಎಂದು ತಿಂಗಳುಗಟ್ಟಲೆ ನೋಡಿದವರು, ಪಕ್ಕದಲ್ಲಿ ಮಲಗುವವಳಿಗೆ ನಿದ್ದೆ ಬರುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಆ ರಾತ್ರಿಗೆ ಡಾಕ್ಟರ್ ದಂಪತಿಯ ಫೋನು ಬರುವ ಮೊದಲೇ ತಾವೇ ಅವರಿಗೆ ಫೋನ್ ಮಾಡಿ, ಊಟಕ್ಕೆ ಬರುತ್ತೇವೆ, ರಾತ್ರಿ ಅಲ್ಲೇ ಇರುತ್ತೇವೆ ಎಂದರು.

ಜರ್ಮನ್‌ಟೌನಿನಲ್ಲಿ ಇದ್ದ ಒಂದು ವಾರ ಅವರು ಮಗಳ ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಹಿಂದಿರುಗುವ ದಾರಿಯನ್ನು ಹೊಸದಾಗಿ ಯೋಜಿಸಿದರು. ತುದಿಯ ಸೈಟು ಬೇಡ, ಗೇಟಿನ ಹತ್ತಿರದ್ದು ಬೇಕು. ಫೋನು ಸಿಗಲೇಬೇಕು. ಆಸ್ಪತ್ರೆ ಎಷ್ಟು ದೂರ, ಆ್ಯಂಬುಲೆನ್ಸ್ ಯಾವ ರಸ್ತೆಯಲ್ಲಿ ಬರುತ್ತದೆ ಎಂದು ಕ್ಯಾಂಪ್‌ಗ್ರೌಂಡಿಗೆ ಫೋನ್ ಮಾಡಿ ವಿಚಾರಿಸಿದರು. ಸೋನಾಲಿ ಪಕ್ಕದಲ್ಲಿ ನಿಂತು ನೋಡಿ, "ಅಪ್ಪಾ, ಅಮ್ಮನ್ನ ಆಸ್ಕ್ ಮಾಡಿದ್ಯಾ?" ಎಂದಳು. ಅವಳ ಕನ್ನಡ ಅಷ್ಟಕ್ಕಷ್ಟೇ, ಬುದ್ಧಿ ಮಾತ್ರ ತಾಯಿಯದು. ವೀರಣ್ಣನವರು ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮುಂದಿದ್ದ ಹೆಂಡತಿಗೆ ಫೋಟೊಗಳನ್ನು ತೋರಿಸಿ ಯಾವ ಸೈಟು ಎಂದು ಕೇಳಿದರು. ಶಿವಬಸಮ್ಮನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನೀರು ಕಾಣುವಂಥದ್ದು, ಆದರೆ ಗೇಟಿನ ಟ್ರೇಲರಿನಲ್ಲಿ ಇರುವ ಕ್ಯಾಂಪಿನ ಮೇಲ್ವಿಚಾರಕರಿಗೆ ಕೂಗಿದರೆ ಕೇಳುವಂಥದ್ದು ಬೇಕೆಂದರು. ಅಂಥದು ಒಂದು ಸಿಕ್ಕಿತು. ಮತ್ತೆ ಅದೇ ಹಾರ್ಟ್‌ವೆಲ್ ಕೆರೆ.

ಬರುವಾಗ ಡರ್ಹಮ್‌ನಲ್ಲಿ ರೇಣುಕಾದೇವಿಯವರಿಗೆ ಹೋಗುವಾಗಲೇ ಕೊಟ್ಟಿದ್ದ ಮಾತಿನಂತೆ ಒಂದು ರಾತ್ರಿ ಅವರ ಮನೆಯಲ್ಲಿ ಉಳಿದರು. ಮರುದಿನ ಗ್ರೀನ್‌ವಿಲ್ ಹತ್ತಿರವಾಗುತ್ತಿದ್ದಂತೆ ಸಿದ್ದೇಶ್ವರಿಯ ಫೋನು ಬಂತು. ಹೋಳಿಗೆ ಮಾಡಿದ್ದಾಳಂತೆ. ವೀರಣ್ಣನವರು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ರಸ್ತೆ ನೋಡುತ್ತಿದ್ದರು. ಹೇಳಬೇಕಾದವರು ತಾವಲ್ಲ.

"ಇಲ್ಲವ್ವ," ಎಂದರು ಶಿವಬಸಮ್ಮ. "ಈ ಸಲ ನಮ್ಮ ಮನ್ಯಾಗ ಇರ್ತೀವಿ. ಜತಿಗೇ ತಂದೀವಿ."

ಕೆರೆ ಮುಟ್ಟಿದಾಗ ಬಿಸಿಲು ಇನ್ನೂ ನೀರಿನ ಮೇಲಿತ್ತು. ವೀರಣ್ಣನವರು ಗಾಲಿ ಉರುಳದಂತೆ ಅಡ್ಡ ಕೊಟ್ಟು, ಕರೆಂಟಿನ ವೈರು ಜೋಡಿಸುವಷ್ಟರಲ್ಲಿ ಶಿವಬಸಮ್ಮನವರು ಸೈಟಿನ ಕಂಬದ ಮೇಲಿನ ನಂಬರನ್ನು ಓದಿಕೊಂಡಿದ್ದರು. ಕ್ಯಾಂಪಿನ ಹೆಸರು, ರಸ್ತೆ, ಸೈಟ್ ಫಾರ್ಟಿ ಸೆವೆನ್. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಬರುವವರೆಗೆ ಬಾಯಲ್ಲಿ ಆಡಿಸಿದರು. ಆಮೇಲೆ ಒಂದು ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ತಾವೊಬ್ಬರೇ ಗೇಟಿನ ಟ್ರೇಲರಿಗೆ ಹೋದರು. ಅಲ್ಲಿದ್ದ ಬಿಳಿಗೂದಲಿನ ಮುದುಕಿಗೆ, ಗಂಡನ ಎದೆಯಲ್ಲಿ ಸ್ಟೆಂಟ್ ಇದೆ, ನಿಮ್ಮ ನಂಬರ್ ಕೊಡಿ ಎಂದು ಕೇಳಿ ತಂದರು. ಖಾಲಿ ತಟ್ಟೆ ವಾಪಸ್ಸು ಕೊಡಬಾರದೆಂದು ಆಕೆಗೆ ಯಾರು ಹೇಳಿದ್ದರೋ, ತಟ್ಟೆಯಲ್ಲಿ ನಾಲ್ಕು ಪೀಚ್ ಹಣ್ಣಿದ್ದವು. ವೀರಣ್ಣನವರಿಗೆ ಒಳಗೊಳಗೇ ದಿಗಿಲು. ಇನ್ನು ಆಕೆಯನ್ನೂ ಊಟಕ್ಕೆ ಕರೆದಿದ್ದಾಳೋ ಏನೋ! ಕರೆದಿರಲಿಲ್ಲ.

ಸಂಜೆ ಇಬ್ಬರೂ ಮೇಜಿನ ಮುಂದೆ ನೀರಿಗೆ ಮುಖಮಾಡಿ ಕೂತು ಉಂಡರು. ಬೇವಿನ ಮರವಿರಲಿಲ್ಲ, ಪೈನ್ ಮರಗಳಿದ್ದವು. ದೂರದಲ್ಲಿ ಈಜುವವರಿಗೆಂದು ಹಗ್ಗ ಕಟ್ಟಿದ ಜಾಗದಲ್ಲಿ ಮಕ್ಕಳು ನೀರು ಎರಚಾಡುತ್ತಿದ್ದರು. ವೀರಣ್ಣನವರು ಸುಮ್ಮನೆ ಕೂತಿದ್ದರು. ಏನಾದರೂ ಅಂದರೆ ಎಲ್ಲಿ ಮತ್ತೆ ಕಂಡಕ್ಟರನ ಸೀಟಿ ಕೇಳಿಬಿಡುತ್ತದೋ ಎಂಬ ಭಯ.

"ಅವತ್ತ ನರಗುಂದದ ದಾರ್ಯಾಗ ಬಸ್ಸು ಕೆಟ್ಟಿತ್ತಲ್ರಿ," ಎಂದರು ಶಿವಬಸಮ್ಮ, ಕೆರೆಯನ್ನೇ ನೋಡುತ್ತ. "ಅರ್ಧಾನ ಹೇಳಿದ್ದೆ."

ವೀರಣ್ಣನವರ ಕಣ್ಣು ಮಂಜಾದವು. "ನಿನಗ ನೆನಪೈತೇನು?"

"ನೀವು ಯಾವಾಗರ ಕೇಳ್ತೀರಿ ಅಂತ ಕಾದೆ. ಕೇಳಲೇ ಇಲ್ಲ."

ಇಷ್ಟು ವರ್ಷ ಒಂದೇ ಮಾತಿಗೆ ಒಂದೇ ಮನೆಯಲ್ಲಿ ಇಬ್ಬರೂ ಕಾದಿದ್ದರು. ವೀರಣ್ಣನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೂ ಕೇಳಿದರು. "ಆ ದಂಡಿ ಮುಟ್ಟಿದ್ಯೋ ಇಲ್ಲೋ?"

"ಇಲ್ರಿ. ಅರ್ಧಕ್ಕ ಬಂದು ಹಿಂದ ಹೊಳ್ಳಿ ನೋಡಿದೆ. ಅವ್ವ ಬಂದ್ಲಂತ ಅಣ್ಣ ಓಡಿಹೋಗಿದ್ದ. ದಂಡಿ ಮ್ಯಾಲೆ ಯಾರೂ ಇರಲಿಲ್ಲ. ಅಂಜಿಕಿ ಬಂತು, ಹೊಳ್ಳಿ ಬಂದೆ. ಆಮ್ಯಾಲ ಲಗ್ನ ಆತು. ಮತ್ತ ನೀರಿಗೇ ಇಳೀಲಿಲ್ಲ."

ಆಮೇಲೆ ಅವರು ಬೇರೆ ಏನೇನೋ ಹೇಳಿದರು. ಅಣ್ಣನ ಚಡ್ಡಿ ಒದ್ದೆಯಾಗಿ ಸಿಕ್ಕಿಬಿದ್ದದ್ದು, ಅವ್ವನ ಕೈಲಿ ತಿಂದ ಪೆಟ್ಟು. ಕೈ ಬೀಸಿ ಬೀಸಿ ಹೇಳಿದರು. ಟ್ರೇಲರಿನ ಮಂಚ ತುಸು ಗಿಡ್ಡ ಎಂದು ಗೊತ್ತಾದದ್ದು ಅಂದೇ. ವೀರಣ್ಣನವರ ಕಾಲು ಹೊರಗೆ ಚಾಚಿಕೊಳ್ಳುತ್ತಿತ್ತು.

ಬೆಳಗ್ಗೆ ಅವರು ಕಾಫಿಗೆ ನೀರಿಟ್ಟು ಹೊರಗೆ ಬಂದಾಗ ಶಿವಬಸಮ್ಮನವರು ಹಳೆಯ ಚೂಡಿದಾರ ತೊಟ್ಟು, ಜಡೆಯನ್ನು ತುರುಬು ಕಟ್ಟಿ ದಂಡೆಯಲ್ಲಿ ನಿಂತಿದ್ದರು. ಮಕ್ಕಳಿನ್ನೂ ಎದ್ದಿರಲಿಲ್ಲ, ನೀರು ಅಲುಗದೆ ಬಿದ್ದಿತ್ತು. ವೀರಣ್ಣನವರಿಗೆ ಗಾಬರಿಯಾಯಿತು. ಮೊಣಕಾಲು ನೋವು, ಈ ವಯಸ್ಸು, ಮರೆತುಹೋದ ಈಜು ಎಂದು ಏನೇನೋ ಹೇಳಿದರು. ಹೆಂಡತಿ ಹಗ್ಗದವರೆಗೆ ಮಾತ್ರ ಎಂದರು. ತಮ್ಮ ಫೋನನ್ನು ಅವರ ಕೈಗಿತ್ತು, "ನೀವು ಇಲ್ಲೇ ನಿಂದರ್ರಿ," ಎಂದರು.

ಮೊದಲು ಸೊಂಟದವರೆಗೆ ನಡೆದರು. ಆಮೇಲೆ ಮುಂದಕ್ಕೆ ಬಾಗಿದರು. ಕೈ ಎರಡು ಸಲ ತಡವರಿಸಿದವು, ಮೂರನೆಯ ಸಲ ನೀರನ್ನು ಗುರುತು ಹಿಡಿದವು. ವೀರಣ್ಣನವರು ಫೋನನ್ನು ಎದೆಗೆ ಹಿಡಿದು ನಿಂತಿದ್ದರು. ಕ್ಯಾಂಪಿನ ಹೆಸರು, ರಸ್ತೆ, ಸೈಟ್ ಫಾರ್ಟಿ ಸೆವೆನ್ ಎಂದು ತುಟಿ ತಾನಾಗಿಯೇ ಗುನುಗುತ್ತಿತ್ತು. ಒಂದು ವರ್ಷ ಹೆಂಡತಿ ಹೊತ್ತು ತಿರುಗಿದ್ದು ಎಂಥದು ಎಂಬುದು ಅವರಿಗೆ ಆಗ ಕಾಲಿನವರೆಗೆ ಇಳಿದು ತಿಳಿಯಿತು. ಒಲೆಯ ಮೇಲೆ ಕಾಫಿಯ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಅವರು ಹಿಂದಿರುಗಿ ನೋಡಲಿಲ್ಲ.

ಅರ್ಧ ದಾರಿಯಲ್ಲಿ ಶಿವಬಸಮ್ಮ ಈಜು ನಿಲ್ಲಿಸಿ, ತಲೆಯೆತ್ತಿ, ದಂಡೆಯ ಕಡೆ ಹೊರಳಿ ನೋಡಿದರು.

ವೀರಣ್ಣನವರು ಫೋನು ಹಿಡಿದ ಕೈಯನ್ನೇ ಮೇಲೆತ್ತಿದರು. "ಇಲ್ಲೇ ಅದೀನಿ," ಎಂದರು. ಅಷ್ಟು ದೂರಕ್ಕೆ ಕೇಳುವಷ್ಟು ಜೋರಾಗಿರಲಿಲ್ಲ ಅದು. ಹೆಂಡತಿ ಮತ್ತೆ ಮುಂದಕ್ಕೆ ತಿರುಗಿ ಹಗ್ಗದ ಕಡೆ ಕೈ ಬೀಸತೊಡಗಿದರು.